ಫೋನ್ ಒಂದು ಕಂಪನಿ, ಲ್ಯಾಪ್‌ಟಾಪ್ ಇನ್ನೊಂದು: ಕೆಡಿಇ ಕನೆಕ್ಟ್ ವರ್ಷಗಟ್ಟಲೆ ಬಳಸಿದ ಮೇಲೆ

ಫೋನ್ ಮತ್ತು ಲ್ಯಾಪ್‌ಟಾಪ್ ಎರಡನ್ನೂ ಒಂದೇ ಕಂಪನಿಯದು ನೋಡಿ ಕೊಂಡುಕೊಳ್ಳುವವರು ನಮ್ಮಲ್ಲಿ ಕಮ್ಮಿ. ಒಂದು ಕೆಟ್ಟಾಗ ಆ ಹೊತ್ತಿಗೆ ಕೈಗೆಟುಕುವ ಬೆಲೆಗೆ ಸಿಕ್ಕಿದ್ದನ್ನು ತರುತ್ತೇವೆ, ಇನ್ನೊಂದು ಕೆಟ್ಟಾಗ ಇನ್ನೊಂದನ್ನು. ಆಮೇಲೆ ಫೋನಿನ ಫೋಟೊ ಲ್ಯಾಪ್‌ಟಾಪ್‌ಗೆ ಬೇಕೆಂದರೆ ಕೇಬಲ್ ಹುಡುಕಬೇಕು, ಇಲ್ಲವೇ ವಾಟ್ಸಾಪ್‌ನಲ್ಲಿ ನಮಗೆ ನಾವೇ ಕಳಿಸಿಕೊಳ್ಳಬೇಕು. ಆ ಎರಡೂ ದಾರಿ ಬಿಟ್ಟು, ಫೋನನ್ನೂ ಲ್ಯಾಪ್‌ಟಾಪನ್ನೂ ವೈ-ಫೈ ಮೂಲಕ ಜೋಡಿಸುವ ಕೆಡಿಇ ಕನೆಕ್ಟ್ ಅನ್ನುವ ಆಪ್ ನಾನು ಬಳಸಲು ಶುರು ಮಾಡಿ ಕೆಲವು ವರ್ಷಗಳಾದವು. ಈ ನಡುವೆ ಫೋನ್ ಬದಲಾಯಿತು, ಅದರ ಕಂಪನಿಯೂ ಬದಲಾಯಿತು. ಇದು ಮಾತ್ರ ಹಾಗೇ ಮುಂದುವರಿದಿದೆ.

ಕೆಡಿಇ ಅನ್ನುವುದು ಲಿನಕ್ಸ್‌ಗೆ (ವಿಂಡೋಸ್ ಥರದ, ಉಚಿತವಾಗಿ ಸಿಗುವ ಆಪರೇಟಿಂಗ್ ಸಿಸ್ಟಮ್) ಡೆಸ್ಕ್‌ಟಾಪ್, ಅಂದರೆ ಪರದೆಯ ಮೇಲಿನ ಮೆನು, ವಿಂಡೋಗಳನ್ನೆಲ್ಲ ತಯಾರಿಸುವ ಬಳಗ, 1996ರಿಂದ ಇದೆ. ಅಲ್ಲಿ 2013ರಲ್ಲಿ ಆಲ್ಬರ್ಟ್ ವಾಕಾ ಅನ್ನುವವರು ಹೊಸಬರಿಂದ ಇಂಥ ಸಾಫ್ಟ್‌ವೇರ್ ಬರೆಸುವ ಗೂಗಲ್ ಸಮ್ಮರ್ ಆಫ್ ಕೋಡ್ ಕಾರ್ಯಕ್ರಮಕ್ಕಾಗಿ ಈ ಆಪ್ ಶುರು ಮಾಡಿದರು. ಹೆಸರು ನೋಡಿ ಲಿನಕ್ಸ್‌ನವರಿಗೆ ಮಾತ್ರ ಅಂದುಕೊಳ್ಳಬೇಡಿ. ವಿಂಡೋಸ್‌ಗೆ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿದೆ, ಮ್ಯಾಕ್‌ಗೂ ಇದೆ, ಆಂಡ್ರಾಯ್ಡ್‌ಗೆ ಪ್ಲೇ ಸ್ಟೋರ್ ಮತ್ತು ಎಫ್-ಡ್ರಾಯ್ಡ್ (ಓಪನ್ ಸೋರ್ಸ್ ಆಪ್‌ಗಳ ಸ್ಟೋರ್) ಎರಡರಲ್ಲೂ ಸಿಗುತ್ತದೆ. ದುಡ್ಡಿಲ್ಲ, ಜಾಹೀರಾತಿಲ್ಲ, ಅಕೌಂಟ್ ತೆರೆಯುವ ರಗಳೆಯೂ ಇಲ್ಲ. ಫೋನ್, ಲ್ಯಾಪ್‌ಟಾಪ್ ಎರಡೂ ಒಂದೇ ವೈ-ಫೈನಲ್ಲಿದ್ದರೆ ತಾವೇ ಒಂದನ್ನೊಂದು ಹುಡುಕಿಕೊಳ್ಳುತ್ತವೆ. ಜೋಡಿಸುವಾಗ ಎರಡರ ಪರದೆಯಲ್ಲೂ ಒಂದು ಕೀ ಕಾಣುತ್ತದೆ. ಎರಡೂ ಒಂದೇನಾ ಅಂತ ನೋಡಿ ಒಪ್ಪಿದರೆ ಆಯಿತು. ಆಮೇಲೆ ಹೋಗಿ ಬರುವುದೆಲ್ಲ ಬೇರೆಯವರು ಓದಲಾಗದಂತೆ ಎನ್‌ಕ್ರಿಪ್ಟ್ ಆಗಿ, ಮನೆಯ ರೂಟರ್ ಒಳಗೇ ಓಡಾಡುತ್ತದೆ. ಹೊರಗಿನ ಸರ್ವರ್ ನಡುವೆ ಬರುವುದಿಲ್ಲ. ಅಚ್ಚಾಗದ ಬರಹಗಳನ್ನು ನಂಬಿ ಕೊಟ್ಟವರ ಕೆಲಸ ಮಾಡುವ ನನಗೆ ಇದು ಸಣ್ಣ ವಿಷಯವಲ್ಲ.

ನನ್ನದು ಕನ್ನಡ ಪುಸ್ತಕಗಳ ಡಿಟಿಪಿ ಕೆಲಸ, ಅಂದರೆ ಅಚ್ಚಿಗೆ ಪುಟ ಸಿದ್ಧಪಡಿಸುವುದು. ಹಳೆಯ ಪುಸ್ತಕದ ಪುಟ, ಮುಖಪುಟಕ್ಕೆ ಬೇಕಾದ ಚಿತ್ರ, ಲೇಖಕರ ಕೈಬರಹ, ಎಲ್ಲದಕ್ಕೂ ಫೋನಿನ ಕ್ಯಾಮೆರಾನೇ ನನ್ನ ಸ್ಕ್ಯಾನರ್. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಕುಗ್ಗಿಸಿಯೇ ಕಳಿಸುತ್ತದೆ. ಪರದೆಯ ಮೇಲೆ ಗೊತ್ತಾಗದಿದ್ದರೂ ಅಚ್ಚಿನಲ್ಲಿ ಎದ್ದು ಕಾಣುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಬಹುದು, ಆದರೆ ಪ್ರತಿ ಸಲ ನೆನಪಿಟ್ಟು ಮಾಡಬೇಕು. ಈಗ ಗ್ಯಾಲರಿಯಲ್ಲಿ ಬೇಕಾದಷ್ಟು ಫೋಟೊ ಆರಿಸಿ, ಶೇರ್ ಒತ್ತಿ, ಲ್ಯಾಪ್‌ಟಾಪ್ ಹೆಸರು ಮುಟ್ಟುತ್ತೇನೆ. ಮೂಲ ಗಾತ್ರದಲ್ಲೇ ಡೌನ್‌ಲೋಡ್ಸ್ ಫೋಲ್ಡರ್‌ಗೆ ಬಂದು ಕೂರುತ್ತವೆ. ಫೋನ್ ಇನ್ನೊಂದು ಕೋಣೆಯಲ್ಲಿದ್ದರೂ ಪರವಾಗಿಲ್ಲ. ನನ್ನ ಲಿನಕ್ಸ್‌ನ ಡಾಲ್ಫಿನ್ ಫೈಲ್ ಮ್ಯಾನೇಜರ್‌ನಲ್ಲಿ ಫೋನ್ ಒಂದು ಫೋಲ್ಡರ್ ಥರ ಕಾಣುತ್ತದೆ, ಒಳಗೆ ಹೋಗಿ ಬೇಕಾದ್ದನ್ನು ಎತ್ತಿಕೊಳ್ಳಬಹುದು.

ಇದಕ್ಕಿಂತ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಕ್ಲಿಪ್‌ಬೋರ್ಡ್, ಅಂದರೆ ಕಾಪಿ ಮಾಡಿದ್ದು ಪೇಸ್ಟ್ ಮಾಡುವ ತನಕ ಉಳಿಯುವ ಜಾಗ. ಹಿರಿಯ ಲೇಖಕರು ಹಲವರು ಇನ್ನೂ ಕೈಯಲ್ಲೇ ಬರೆಯುತ್ತಾರೆ. ಅದನ್ನೆಲ್ಲ ಕೂತು ಕುಟ್ಟುವ ಬದಲು ಒಂದೊಂದು ಪ್ಯಾರಾ ಗಟ್ಟಿಯಾಗಿ ಓದುತ್ತೇನೆ, ಫೋನಿನಲ್ಲಿ ಗೂಗಲ್‌ನ ಕೀಬೋರ್ಡ್ ಆಪ್ ಜಿಬೋರ್ಡ್‌ನ ಕನ್ನಡ ವಾಯ್ಸ್ ಟೈಪಿಂಗ್ ಬರೆದುಕೊಳ್ಳುತ್ತದೆ. ಪೂರ್ತಿ ಆರಿಸಿ ಕಾಪಿ ಮಾಡಿ, ಮೇಲಿನಿಂದ ನೋಟಿಫಿಕೇಶನ್ ಎಳೆದು ಕೆಡಿಇ ಕನೆಕ್ಟ್‌ನ ಕ್ಲಿಪ್‌ಬೋರ್ಡ್ ಬಟನ್ ಒತ್ತಿದರೆ ಸಾಕು. ಲ್ಯಾಪ್‌ಟಾಪ್‌ನಲ್ಲಿ ನಾನು ಬರೆಯಲು ಬಳಸುವ ಲಿಬ್ರೆಆಫೀಸ್‌ನಲ್ಲಿ ಪೇಸ್ಟ್ ಮಾಡಿದ ಕೂಡಲೇ ಪ್ಯಾರಾ ಬರುತ್ತದೆ. ಕೇಳಿಸಿಕೊಂಡದ್ದರಲ್ಲಿ ತಪ್ಪು ಇದ್ದೇ ಇರುತ್ತದೆ, ಅಲ್ಪವಿರಾಮ ಪೂರ್ಣವಿರಾಮ ನಾವೇ ಹಾಕಬೇಕು. ಆದರೆ ಆ ತಿದ್ದುಪಡಿಯನ್ನು ದೊಡ್ಡ ಪರದೆಯಲ್ಲಿ, ಸರಿಯಾದ ಕೀಬೋರ್ಡ್‌ನಲ್ಲಿ ಮಾಡುತ್ತೇನೆ ಅನ್ನುವುದೇ ದೊಡ್ಡ ಅನುಕೂಲ. ಮೊದಮೊದಲು ಒತ್ತಕ್ಷರ ಏನಾದರೂ ಒಡೆದುಹೋಗುತ್ತದಾ ಅಂತ ಕಣ್ಣಿಟ್ಟು ನೋಡುತ್ತಿದ್ದೆ. ‘ರಾಜ್‌ಕುಮಾರ್’ ಎಂದು ಬರೆದಾಗ ಕಕಾರ ಒತ್ತಾಗಿ ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲಲು ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಇರುತ್ತದೆ. ಅದೂ ಉದುರಿಹೋಗದೆ ಬರುತ್ತದೆ. ಪ್ರೂಫ್ ನೋಡುವವರಿಗೆ ಇದರ ಬೆಲೆ ಗೊತ್ತು.

ಲ್ಯಾಪ್‌ಟಾಪ್‌ನಲ್ಲಿ ಕಾಪಿ ಮಾಡಿದ್ದು ಫೋನಿಗೆ ತಾನಾಗಿಯೇ ಹೋಗುತ್ತದೆ. ಫೋನಿನದ್ದು ಈ ಕಡೆ ಬರಲು ಮಾತ್ರ ಬಟನ್ ಒತ್ತಬೇಕು. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ, ಹಿನ್ನೆಲೆಯಲ್ಲಿ ಓಡುವ ಆಪ್‌ಗಳು ಕ್ಲಿಪ್‌ಬೋರ್ಡ್ ಓದುವಂತಿಲ್ಲ. ಪಾಸ್‌ವರ್ಡ್, ಅಕೌಂಟ್ ನಂಬರ್ ಎಲ್ಲ ಅಲ್ಲೇ ಕಾಪಿ ಆಗುವುದು ಅಲ್ವಾ, ಹಾಗಾಗಿ ಈ ಕಟ್ಟುಪಾಡು ಸರಿಯಾದದ್ದೇ. ಒಂದು ಬಟನ್ ಒತ್ತುವುದು ನನಗೆ ಭಾರ ಅನ್ನಿಸಿಲ್ಲ.

ಉಳಿದ ಸಣ್ಣಪುಟ್ಟವನ್ನು ಬೇಗ ಹೇಳಿಬಿಡುತ್ತೇನೆ. ಕಾಲ್ ಬಂದರೆ ಲ್ಯಾಪ್‌ಟಾಪ್‌ನಲ್ಲಿ ಓಡುತ್ತಿರುವ ಹಾಡು ತಾನೇ ನಿಲ್ಲುತ್ತದೆ. ಫೋನ್ ಎಲ್ಲಿಟ್ಟೆ ಅಂತ ಗೊತ್ತಾಗದಿದ್ದರೆ ಲ್ಯಾಪ್‌ಟಾಪ್‌ನಿಂದಲೇ ಅದನ್ನು ರಿಂಗ್ ಮಾಡಿಸಬಹುದು. ಲ್ಯಾಪ್‌ಟಾಪ್‌ಗೆ ಫೋನೇ ಟಚ್‌ಪ್ಯಾಡ್ ಆಗುತ್ತದೆ, ಸ್ಲೈಡ್ ತಿರುಗಿಸುವ ರಿಮೋಟ್ ಆಗುತ್ತದೆ. ಎಸ್ಎಂಎಸ್‌ಗೆ ಲ್ಯಾಪ್‌ಟಾಪ್‌ನಿಂದಲೇ ಉತ್ತರ ಬರೆಯಬಹುದು. ಕಾಲ್ ಎತ್ತಿ ಮಾತಾಡಲು ಮಾತ್ರ ಆಗುವುದಿಲ್ಲ, ಅದಕ್ಕೆ ಫೋನ್ ಕೈಗೆ ತೆಗೆದುಕೊಳ್ಳಲೇಬೇಕು.

ಇನ್ನು ತೊಂದರೆ. ಇದರಲ್ಲಿ ಹೆಚ್ಚಿನದು ಈ ಆಪ್‌ನಿಂದ ಬರುವುದಲ್ಲ, ಫೋನಿನಿಂದ ಬರುವುದು. ನಾನು ಮೊದಲು ಬಳಸುತ್ತಿದ್ದ ಫೋನ್ ಬ್ಯಾಟರಿ ಉಳಿಸುವ ನೆಪದಲ್ಲಿ ಹಿನ್ನೆಲೆಯ ಆಪ್‌ಗಳನ್ನು ಒಂದೊಂದಾಗಿ ಮುಚ್ಚುತ್ತಿತ್ತು. ಬೆಳಗ್ಗೆ ಜೋಡಣೆ ಸರಿಯಾಗಿರುತ್ತಿತ್ತು, ಊಟ ಮಾಡಿ ಬಂದು ನೋಡಿದರೆ ಕಡಿದುಹೋಗಿರುತ್ತಿತ್ತು. ಆಪ್ ತೆರೆದ ತಕ್ಷಣ ಮತ್ತೆ ಕೂಡಿಕೊಳ್ಳುತ್ತಿತ್ತು. ಆಪ್ ಚೆನ್ನಾಗಿಲ್ಲ ಅಂತ ಬೈದು ತೆಗೆದುಹಾಕುವವರಲ್ಲಿ ಬಹಳ ಮಂದಿಗೆ ಆಗಿರುವುದು ಇದೇ ಅಂತ ನನ್ನ ಅನಿಸಿಕೆ. ಪರಿಹಾರ ಸುಲಭ. ಸೆಟ್ಟಿಂಗ್ಸ್‌ನಲ್ಲಿ ಕೆಡಿಇ ಕನೆಕ್ಟ್ ತೆರೆದು, ಬ್ಯಾಟರಿ ಅನ್ನುವಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಆರಿಸಿ. ಕೆಲವು ಕಂಪನಿಗಳ ಫೋನಿನಲ್ಲಿ ‘ಆಟೋಸ್ಟಾರ್ಟ್’ ಅಂತ ಬೇರೆ ಕಡೆ ಇನ್ನೊಂದು ಸ್ವಿಚ್ ಇರುತ್ತದೆ, ಅದನ್ನೂ ಹಾಕಿ. ರೀಸೆಂಟ್ ಆಪ್‌ಗಳ ಪಟ್ಟಿಯಲ್ಲಿ ಬೀಗದ ಗುರುತು ಇದ್ದರೆ ಅದನ್ನೂ ಒತ್ತಿ. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಇವೆಲ್ಲ ಹಾಗೇ ಉಳಿದಿವೆಯಾ ಅಂತ ಒಮ್ಮೆ ನೋಡುವುದು ಒಳ್ಳೆಯದು. ನಾನು ಬಳಸುತ್ತಿದ್ದ ಫೋನಿನಲ್ಲಿ ಅಪ್‌ಡೇಟ್ ಆದಾಗ ಕೆಲವೊಮ್ಮೆ ಹಳೆಯ ಸ್ಥಿತಿಗೇ ಹೋಗಿಬಿಡುತ್ತಿತ್ತು.

ಎರಡನೆಯ ತೊಂದರೆ ವೈ-ಫೈ. ಹಾಸ್ಟೆಲ್, ಆಫೀಸ್, ಹೋಟೆಲ್ ವೈ-ಫೈಗಳಲ್ಲಿ ಒಂದು ಸಾಧನ ಇನ್ನೊಂದಕ್ಕೆ ಕಾಣದಂತೆ ‘ಕ್ಲೈಂಟ್ ಐಸೊಲೇಷನ್’ ಹಾಕಿರುವುದು ಸಾಮಾನ್ಯ. ಅಲ್ಲಿ ಎಷ್ಟು ತಡಕಿದರೂ ಜೋಡಣೆ ಆಗುವುದಿಲ್ಲ. ಮನೆಯ ರೂಟರ್‌ನಲ್ಲೂ ಗೆಸ್ಟ್ ನೆಟ್‌ವರ್ಕ್‌ಗೆ ಸೇರಿಸಿದ್ದರೆ ಇದೇ ಕಥೆ. ಅಂಥ ಕಡೆ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪ್ ಅನ್ನು ಅದಕ್ಕೆ ಸೇರಿಸುತ್ತೇನೆ, ಕೆಲಸ ನಡೆಯುತ್ತದೆ. ಕರೆಂಟ್ ಹೋಗಿ ರೂಟರ್ ಆಫ್ ಆದಾಗಲೂ ನನ್ನ ದಾರಿ ಇದೇ. ಫೈಲ್ ಹೋಗುವುದು ಎರಡರ ನಡುವೆ ಮಾತ್ರ, ಹಾಗಾಗಿ ಅದಕ್ಕೆ ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ವಿಂಡೋಸ್ ಬಳಸುವವರು ಮನೆಯ ವೈ-ಫೈ ‘ಪಬ್ಲಿಕ್’ ಅಂತ ಇದ್ದರೆ ‘ಪ್ರೈವೇಟ್’ ಮಾಡಿಕೊಳ್ಳಿ, ಇಲ್ಲದಿದ್ದರೆ ಹೊರಗಿನ ಸಂಪರ್ಕಗಳನ್ನು ಕಾಯುವ ಫೈರ್‌ವಾಲ್ ಇದನ್ನು ತಡೆಯಬಹುದು. ಲಿನಕ್ಸ್‌ನಲ್ಲಿ ಫೈರ್‌ವಾಲ್ ಇದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ 1714ರಿಂದ 1764ರವರೆಗಿನ ಪೋರ್ಟ್‌ಗಳನ್ನು (ಸಂಪರ್ಕದ ಬಾಗಿಲುಗಳು ಅನ್ನಿ) ಟಿಸಿಪಿ, ಯುಡಿಪಿ ಎಂಬ ಎರಡೂ ಬಗೆಗೆ ತೆರೆಯಬೇಕು. ಇಂಟರ್ನೆಟ್ ಸಂಪರ್ಕವನ್ನು ಬೇರೆ ಸರ್ವರ್ ಮೂಲಕ ಕಳಿಸುವ ವಿಪಿಎನ್ ಆನ್ ಇದ್ದರೆ ಮೊದಲು ಅದನ್ನು ಆಫ್ ಮಾಡಿ ನೋಡಿ.

ನೋಟಿಫಿಕೇಶನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಶುರುವಿನಲ್ಲಿ ಫೋನಿಗೆ ಬಂದದ್ದೆಲ್ಲ ಲ್ಯಾಪ್‌ಟಾಪ್‌ನ ಮೂಲೆಯಲ್ಲಿ ಮೂಡುತ್ತದೆ. ಕುಟುಂಬದ ಗ್ರೂಪ್‌ನ ಗುಡ್ ಮಾರ್ನಿಂಗ್ ಕೂಡ. ಆಪ್‌ನೊಳಗೆ ಯಾವ್ಯಾವುದರ ನೋಟಿಫಿಕೇಶನ್ ಕಳಿಸಬೇಕು ಅಂತ ಆರಿಸುವ ಪಟ್ಟಿ ಇದೆ. ಮೊದಲ ದಿನವೇ ಅಲ್ಲಿ ಕೂತು ಬೇಡದ್ದನ್ನೆಲ್ಲ ತೆಗೆಯಿರಿ. ಫೋನಿನ ಪರದೆ ಆಫ್ ಇದ್ದಾಗ ಮಾತ್ರ ಕಳಿಸು ಅನ್ನುವ ಆಯ್ಕೆಯೂ ಇದೆ, ನಾನು ಅದನ್ನೇ ಇಟ್ಟುಕೊಂಡಿದ್ದೇನೆ. ಬೇರೆಯವರ ಎದುರು ಪರದೆ ಹಂಚಿಕೊಳ್ಳುವ ಮುಂಚೆ ಲ್ಯಾಪ್‌ಟಾಪ್‌ನ ನೋಟಿಫಿಕೇಶನ್ ನಿಲ್ಲಿಸಿಡುವುದನ್ನು ಮರೆಯಬೇಡಿ.

ಒಟಿಪಿ ವಿಷಯದಲ್ಲಿ ಕಾಲ ಬದಲಾಗಿದೆ. ಮೊದಲು ಬ್ಯಾಂಕಿನ ಒಟಿಪಿ ಲ್ಯಾಪ್‌ಟಾಪ್‌ನಲ್ಲೇ ಕಾಣುತ್ತಿತ್ತು, ನೋಡಿ ಹಾಕಿದರೆ ಆಗುತ್ತಿತ್ತು. ಆಂಡ್ರಾಯ್ಡ್ 15ರಿಂದ, ನೋಟಿಫಿಕೇಶನ್ ಓದುವ ಅನುಮತಿ ಇರುವ ಆಪ್‌ಗಳಿಗೂ ಒಟಿಪಿಯಂಥ ಸಂದೇಶಗಳ ಒಳವಿಷಯವನ್ನು ಮರೆಮಾಡುತ್ತಾರೆ. ಇದನ್ನು ದಾಟುವ ದಾರಿಗಳಿವೆ, ನಾನು ಬಳಸುವುದಿಲ್ಲ. ಒಟಿಪಿ ಕದ್ದು ಜನರ ಖಾತೆ ಖಾಲಿ ಮಾಡುವವರು ಇರುವಾಗ ಈ ಬೀಗ ಇರಲಿ. ಒಟಿಪಿಗೋಸ್ಕರವೇ ಇದನ್ನು ಹಾಕಿಕೊಳ್ಳಬೇಕು ಅಂದುಕೊಂಡವರು ಮಾತ್ರ ಇದನ್ನು ತಿಳಿದಿರಬೇಕು.

ಬೇರೆ ದಾರಿಗಳೂ ಇವೆ. ವಿಂಡೋಸ್‌ನ ಫೋನ್ ಲಿಂಕ್ 2018ರಲ್ಲಿ ‘ಯುವರ್ ಫೋನ್’ ಹೆಸರಿನಲ್ಲಿ ಬಂದದ್ದು. ಬ್ಲೂಟೂತ್ ಮೂಲಕ ಲ್ಯಾಪ್‌ಟಾಪ್‌ನಲ್ಲೇ ಕಾಲ್ ಮಾತಾಡಬಹುದು, ಆ ವಿಷಯದಲ್ಲಿ ಅದು ಮುಂದೆ. ಆದರೆ ಫೋನಿನ ಆಪ್‌ಗಳನ್ನು ಲ್ಯಾಪ್‌ಟಾಪ್ ಪರದೆಯಲ್ಲಿ ತೆರೆಯುವಂಥ ಒಳ್ಳೆಯ ಸೌಲಭ್ಯಗಳು ಆಯ್ದ ಕಂಪನಿಗಳ ಫೋನ್‌ಗಳಿಗೆ ಮಾತ್ರ, ಮೈಕ್ರೋಸಾಫ್ಟ್ ಅಕೌಂಟೂ ಬೇಕು. ಗೂಗಲ್‌ನ ನಿಯರ್‌ಬೈ ಶೇರ್ 2024ರಲ್ಲಿ ಸ್ಯಾಮ್‌ಸಂಗ್‌ನ ಕ್ವಿಕ್ ಶೇರ್ ಜೊತೆ ಸೇರಿ ಅದೇ ಹೆಸರು ಪಡೆಯಿತು. ವಿಂಡೋಸ್ ಮತ್ತು ಆಂಡ್ರಾಯ್ಡ್ ನಡುವೆ ಬರೀ ಫೈಲ್ ಕಳಿಸಲು ಅದು ಚೆನ್ನಾಗಿದೆ. ಕೆಡಿಇ ಕನೆಕ್ಟ್ ನನಗೆ ಹಿಡಿಸಿದ್ದು, ಎರಡು ಬದಿಯಲ್ಲೂ ಯಾವ ಕಂಪನಿ ಅಂತ ಕೇಳುವುದಿಲ್ಲ ಅನ್ನುವ ಕಾರಣಕ್ಕೆ. ಹೊಸ ಫೋನ್ ತಂದ ದಿನ ಆಪ್ ಹಾಕಿ, ಜೋಡಿಸಿ, ಕೆಲಸಕ್ಕೆ ಕೂತೆ. ಅಂಗಡಿಯಲ್ಲಿ ಫೋನ್ ಆರಿಸುವಾಗ ಲ್ಯಾಪ್‌ಟಾಪ್ ಯಾವುದು ಅಂತ ಯೋಚಿಸುವ ಅಗತ್ಯವೇ ಬರಲಿಲ್ಲ.

ಐಫೋನ್ ಇರುವವರಿಗೆ ನಾನು ಇಷ್ಟು ಧೈರ್ಯವಾಗಿ ಹೇಳಲಾರೆ. ಐಫೋನ್‌ಗೂ ಕೆಡಿಇ ಕನೆಕ್ಟ್ ಇದೆ. ಆದರೆ ಬೇರೆ ಆಪ್‌ಗಳ ನೋಟಿಫಿಕೇಶನ್ ಓದಲು ಐಫೋನಿನ ಆಪರೇಟಿಂಗ್ ಸಿಸ್ಟಮ್ ಐಒಎಸ್ ಅದಕ್ಕೆ ಬಿಡುವುದಿಲ್ಲ, ಹಿನ್ನೆಲೆಯಲ್ಲಿ ಸದಾ ಓಡಲೂ ಬಿಡುವುದಿಲ್ಲ. ಫೈಲ್ ಕಳಿಸುವಾಗ ಆಪ್ ಎದುರಿಗೆ ತೆರೆದಿರಬೇಕು. ಫೋಟೊ, ಪಿಡಿಎಫ್ ಕಳಿಸುವುದಷ್ಟೇ ಆಗಬೇಕಿದ್ದರೆ ಲೋಕಲ್‌ಸೆಂಡ್ ಅನ್ನುವ ಆಪ್ ಹಾಕಿಕೊಳ್ಳಿ. ಅದೂ ಉಚಿತ, ಓಪನ್ ಸೋರ್ಸ್, ಐಫೋನ್, ಆಂಡ್ರಾಯ್ಡ್, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ಓಡುತ್ತದೆ. ನಮ್ಮ ಅಕ್ಕನದು ಐಫೋನ್ ಮತ್ತು ವಿಂಡೋಸ್ ಲ್ಯಾಪ್‌ಟಾಪ್. ಮಕ್ಕಳ ಫೋಟೊಗಳನ್ನು ತಿಂಗಳಿಗೊಮ್ಮೆ ಲ್ಯಾಪ್‌ಟಾಪ್‌ಗೆ ಇಳಿಸಲು ಅವಳಿಗೆ ಲೋಕಲ್‌ಸೆಂಡ್ ಹಾಕಿಕೊಟ್ಟೆ, ಅವಳ ಕೆಲಸಕ್ಕೆ ಅದೇ ಸಾಕಾಗಿದೆ.