ನಾಲ್ಕೂ ತಲೆಮಾರಿನ ಸ್ವಿಫ್ಟ್ ಓಡಿಸಿದ ಮೇಲೆ

ಮಾರುತಿ ಸ್ವಿಫ್ಟ್‌ನ ನಾಲ್ಕೂ ತಲೆಮಾರುಗಳನ್ನು ನಾನು ಓಡಿಸಿದ್ದೇನೆ. ಮೊದಲನೆಯದರ ಡೀಸೆಲ್ ನಮ್ಮ ಮನೆಯಲ್ಲೇ ಇತ್ತು. ಎರಡನೆಯದು ಅಣ್ಣನದು, ಅದೂ ಡೀಸೆಲ್. ಮೂರನೆಯದು ಗೆಳೆಯನ ಪೆಟ್ರೋಲ್ ಎಎಂಟಿ, ಅಂದರೆ ಕ್ಲಚ್ ಪೆಡಲ್ ಇಲ್ಲದೆ ಗೇರು ತಾನೇ ಬದಲಾಗುವಂಥದ್ದು. ನಾಲ್ಕನೆಯದು ಈಗ ನಮ್ಮ ಮನೆಯಲ್ಲಿದೆ. ಬೆಂಗಳೂರಿನ ಟ್ರಾಫಿಕ್ಕು, ಹಾಸನದ ಹೆದ್ದಾರಿ, ಚಾರ್ಮಾಡಿ ಘಾಟಿ, ಮೂರೂ ಕಡೆ ಇವನ್ನು ಓಡಿಸಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಓಡಿಸುವವರ ಕಾರಾಗಿ ಹುಟ್ಟಿದ ಸ್ವಿಫ್ಟ್ ನಿಧಾನವಾಗಿ ಮನೆಮಂದಿಯ ಕಾರಾಗಿದೆ. ಘಾಟಿ ಹತ್ತುವ ಖುಷಿ ಬೇಕೆಂದರೆ ನಾನು ಈಗಲೂ ಎರಡನೆಯದರ ಡೀಸೆಲ್ ಕೀಲಿ ಕೇಳುತ್ತೇನೆ. ಅಮ್ಮ, ಮಕ್ಕಳನ್ನು ಕೂರಿಸಿಕೊಂಡು ಹೋಗಬೇಕೆಂದರೆ ನಾಲ್ಕನೆಯದು ಬಿಟ್ಟು ಬೇರೆ ಯೋಚನೆಯೇ ಬರುವುದಿಲ್ಲ.

ಮೊದಲ ಸ್ವಿಫ್ಟ್ ನಮ್ಮ ದೇಶಕ್ಕೆ ಬಂದದ್ದು 2005ರ ಮೇ ತಿಂಗಳಲ್ಲಿ. ಆಗ ಚಿಕ್ಕ ಕಾರು ಅಂದರೆ ಆಲ್ಟೊ, ಸ್ಯಾಂಟ್ರೊ, ವ್ಯಾಗನ್ ಆರ್, ಇಂಡಿಕಾ. ಎಲ್ಲವೂ ಒಳ್ಳೆಯ ಕಾರುಗಳೇ, ಆದರೆ ನಿಲ್ಲಿಸಿ ತಿರುಗಿ ನೋಡುವಂಥವಲ್ಲ. ಸ್ವಿಫ್ಟ್ ಹಾಗಿರಲಿಲ್ಲ. ಚಕ್ರಗಳನ್ನು ನಾಲ್ಕು ಮೂಲೆಗೆ ತಳ್ಳಿ, ಅಗಲವಾಗಿ ನೆಲಕ್ಕೆ ಕಾಲೂರಿ ನಿಂತ ಹಾಗಿತ್ತು. ಮುಂದಿನ ಗಾಜಿನ ಪಕ್ಕದ ಕಂಬಗಳಿಗೆ ಕಪ್ಪು ಬಣ್ಣ ಬಳಿದಿದ್ದರಿಂದ ಗಾಜೆಲ್ಲ ಒಂದೇ ಪಟ್ಟಿಯಾಗಿ ಕಾಣುತ್ತಿತ್ತು. ಆ ರೂಪ ಎಷ್ಟು ಗಟ್ಟಿಯಾಗಿ ಕೂತಿತೆಂದರೆ ನಾಲ್ಕನೆಯ ತಲೆಮಾರಿನಲ್ಲೂ ಆ ಕಪ್ಪು ಕಂಬಗಳನ್ನು ಬಿಡಲು ಆಗಲಿಲ್ಲ.

ಶುರುವಿನಲ್ಲಿ ಇದ್ದದ್ದು 1.3 ಲೀಟರ್ ಪೆಟ್ರೋಲ್ ಎಂಜಿನ್ ಮಾತ್ರ, 87 ಬಿಎಚ್‌ಪಿ. ಎಸ್ಟೀಮ್‌ನಲ್ಲಿದ್ದ ಎಂಜಿನ್ನಿನ ಮನೆತನವೇ. ಎಳೆದಷ್ಟೂ ಓಡುತ್ತಿತ್ತು, ಪೆಟ್ರೋಲನ್ನೂ ಹಾಗೇ ಕುಡಿಯುತ್ತಿತ್ತು. ಅಷ್ಟರಲ್ಲಿ 2006ರ ಕೇಂದ್ರ ಬಜೆಟ್ ಬಂತು. ಉದ್ದ 4 ಮೀಟರ್ ಒಳಗಿದ್ದು, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರದ ಕಾರಿಗೆ ಅಬಕಾರಿ ಸುಂಕ 24ರಿಂದ 16 ಪರ್ಸೆಂಟಿಗೆ ಇಳಿಯಿತು. ಸ್ವಿಫ್ಟ್ ಉದ್ದದಲ್ಲಿ ಪಾಸು, ಎಂಜಿನ್ನಿನಲ್ಲಿ ಫೇಲು. ಅದರ ಪೆಟ್ರೋಲ್ ಎಂಜಿನ್ 1298 ಸಿಸಿ ಇತ್ತಲ್ಲ! 2007ರಲ್ಲಿ ಬಂದ ಡೀಸೆಲ್ 1248 ಸಿಸಿ, ಆರಾಮಾಗಿ ಒಳಗೆ ಬಂತು. 2010ರಲ್ಲಿ ಪೆಟ್ರೋಲ್‌ಗೂ 1197 ಸಿಸಿಯ ಕೆ ಸೀರೀಸ್ ಎಂಜಿನ್ ಕೂರಿಸಿದರು. ಅಲ್ಲಿಂದ ಇವತ್ತಿನವರೆಗೆ ಸ್ವಿಫ್ಟ್‌ನ ಪೆಟ್ರೋಲ್ ಎಂಜಿನ್ 1197 ಸಿಸಿ ದಾಟಿಲ್ಲ, ಉದ್ದ 4 ಮೀಟರ್ ಮುಟ್ಟಿಲ್ಲ. ನಮ್ಮ ಚಿಕ್ಕ ಕಾರುಗಳ ಆಕಾರವನ್ನು ಡಿಸೈನರ್‌ಗಳಷ್ಟೇ ತೆರಿಗೆ ಪುಸ್ತಕವೂ ತಿದ್ದಿದೆ.

ಆ ಡೀಸೆಲ್ ಎಂಜಿನ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಮೂಲದಲ್ಲಿ ಅದು ಫಿಯೆಟ್‌ನ ಮಲ್ಟಿಜೆಟ್. ಮಾರುತಿ ಅದಕ್ಕೆ ಡಿಡಿಐಎಸ್ ಎಂದು ಹೆಸರಿಟ್ಟಿತು. ಇಂಡಿಕಾ ವಿಸ್ಟಾದಿಂದ ಹಿಡಿದು ಎರ್ಟಿಗಾದವರೆಗೆ ಎಷ್ಟೋ ಕಾರುಗಳಲ್ಲಿ ಇದೇ ಎಂಜಿನ್ ಓಡಿದೆ. 75 ಪಿಎಸ್ (ಹೆಚ್ಚುಕಮ್ಮಿ ಬಿಎಚ್‌ಪಿಯ ಅಳತೆಯೇ) ಶಕ್ತಿ ಅಂದರೆ ದೊಡ್ಡದೇನಲ್ಲ. ಆದರೆ ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, 190 ಎನ್‌ಎಂ, ಅದೂ 2000 ಆರ್‌ಪಿಎಂನಲ್ಲೇ (ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗಲೇ) ಸಿಗುತ್ತದೆ. ಅದೇ ಕಾಲದ ಪೆಟ್ರೋಲ್ ಸ್ವಿಫ್ಟ್‌ನಲ್ಲಿ ಇದ್ದದ್ದು 113 ಎನ್‌ಎಂ. ಈ ವ್ಯತ್ಯಾಸ ಕಾಗದದ ಮೇಲೆ ಅರ್ಥವಾಗುವುದಿಲ್ಲ. ಉಜಿರೆ ಕಡೆಯಿಂದ ಕೊಟ್ಟಿಗೆಹಾರಕ್ಕೆ ಚಾರ್ಮಾಡಿ ಹತ್ತುವಾಗ ಅರ್ಥವಾಗುತ್ತದೆ.

ಹೇರ್‌ಪಿನ್ ತಿರುವಿಗೆ ಬರುತ್ತೀರಿ. ಎದುರಿನಿಂದ ಲಾರಿ ಇಳಿಯುತ್ತಿದೆ, ನಿಂತೇಬಿಡುವಷ್ಟು ನಿಧಾನ ಮಾಡುತ್ತೀರಿ. ಸೆಕೆಂಡ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮೊದಲು ಏನೂ ಆಗುವುದಿಲ್ಲ. ಎಂಜಿನ್ ಗೊಣಗುತ್ತದೆ, ಕಾರು ಏದುಸಿರು ಬಿಡುತ್ತದೆ, ಹಿಂದಿನವರು ಹಾರ್ನ್ ಹಾಕುತ್ತಾರೆ. ಮುಳ್ಳು 1800 ದಾಟಿ 2000ದ ಹತ್ತಿರ ಬಂತೋ, ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ಒಮ್ಮೆಲೇ ಎಚ್ಚರಗೊಂಡು ಬೆನ್ನನ್ನು ಸೀಟಿಗೆ ಒತ್ತುತ್ತದೆ. ಇದೇ ಟರ್ಬೊ ಲ್ಯಾಗ್. ಹೊಸಬರಿಗೆ ಕಿರಿಕಿರಿ. ಪಳಗಿದವರು ತಿರುವಿಗೆ ಮುಂಚೆಯೇ ಫಸ್ಟ್ ಗೇರಿಗೆ ಇಳಿಸಿ, ಎಂಜಿನ್ನನ್ನು ಆ ಗೆರೆಯ ಮೇಲೇ ಇಟ್ಟುಕೊಂಡು ತಿರುಗುತ್ತಾರೆ. ಆಮೇಲೆ ಸೆಕೆಂಡ್, ಥರ್ಡ್, ಮುಂದಿನ ತಿರುವಿನವರೆಗೆ ಒಂದೇ ಎಳೆತ. ಐದು ಜನ ಕೂತು ಡಿಕ್ಕಿ ತುಂಬಿದ್ದರೂ ಆ ಎಳೆತ ಕಡಿಮೆಯಾಗುವುದಿಲ್ಲ. ಆಮೇಲೆ ಬಂದ ಯಾವ ಪೆಟ್ರೋಲ್ ಸ್ವಿಫ್ಟ್‌ನಲ್ಲೂ ನನಗೆ ಅದು ಸಿಕ್ಕಿಲ್ಲ.

ಮೊದಲ ಎರಡು ತಲೆಮಾರಿನಲ್ಲೂ ಎಂಜಿನ್ ಹೆಚ್ಚುಕಮ್ಮಿ ಇದೇ. ಹಾಗಾದರೆ ಎರಡನೆಯದನ್ನು ಯಾಕೆ ಮೇಲಿಡುತ್ತೇನೆ? ಕೆಳಗಿನ ಚಾಸಿ ಕಾರಣ. ಮೊದಲನೆಯದರ ಸಸ್ಪೆನ್ಷನ್ ಬಿಗಿ. ಹೆದ್ದಾರಿಯಲ್ಲಿ ಚೆಂದ, ಆದರೆ ಹಳ್ಳಿ ರಸ್ತೆಯ ಗುಂಡಿಗಳು ಒಂದೊಂದೂ ಸೊಂಟಕ್ಕೆ ಗೊತ್ತಾಗುತ್ತಿದ್ದವು. 2011ರ ಆಗಸ್ಟ್‌ನಲ್ಲಿ ಬಂದ ಎರಡನೆಯದು ಉದ್ದದಲ್ಲಿ 3850 ಮಿಮೀ ಆಯಿತು, ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 2390ರಿಂದ 2430 ಮಿಮೀಗೆ ಏರಿತು. ನೋಡಲು ಹಳೆಯದನ್ನೇ ಸ್ವಲ್ಪ ಎಳೆದ ಹಾಗಿತ್ತು, ಜನ ಏನು ಬದಲಾಗಿದೆ ಎಂದು ಕೇಳಿದ್ದೂ ನಿಜ. ಓಡಿಸಿದರೆ ಬೇರೆಯೇ ಕಾರು. ಗುಂಡಿಯ ಹೊಡೆತ ಮೆತ್ತಗಾಯಿತು, ತಿರುವಿನಲ್ಲಿ ಹಿಡಿತ ಹಾಗೇ ಉಳಿಯಿತು. ಸ್ಟೇರಿಂಗ್ ತಿರುಗಿಸಿದಷ್ಟೇ ಮೂತಿ ತಿರುಗುತ್ತದೆ, ಕೈ ಸಡಿಲಿಸಿದರೆ ತಾನೇ ನೆಟ್ಟಗಾಗುತ್ತದೆ. ಘಾಟಿಯಲ್ಲಿ ಒಂದರ ಹಿಂದೆ ಒಂದು ತಿರುವು ಬರುವಾಗ ಈ ನೆಟ್ಟಗಾಗುವ ಗುಣ ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ.

ಹಿಂದೆ ಕೂತವರು ಮಾತ್ರ ಈ ಹೊಗಳಿಕೆಗೆ ಒಪ್ಪುವುದಿಲ್ಲ, ಅವರದು ನ್ಯಾಯವೇ. ಎರಡನೆಯದರ ಹಿಂದಿನ ಕಿಟಕಿ ಚಿಕ್ಕದು, ಬಾಗಿಲಿನ ಗೆರೆ ಮೇಲಕ್ಕೇರಿದೆ, ಒಳಗೆ ಕತ್ತಲೆ ಅನಿಸುತ್ತದೆ. ಡಿಕ್ಕಿ ಬರೀ 204 ಲೀಟರ್, ಮೊದಲನೆಯದರ 232ಕ್ಕಿಂತಲೂ ಕಡಿಮೆ! ಒಂದು ದೊಡ್ಡ ಸೂಟ್‌ಕೇಸ್ ಇಟ್ಟರೆ ಪಕ್ಕದಲ್ಲಿ ಒಂದು ಕೈಚೀಲಕ್ಕೆ ಜಾಗ, ಅಷ್ಟೇ. ಊರಿನಿಂದ ತೆಂಗಿನಕಾಯಿ ಚೀಲ ತರುವ ಮನೆಗೆ ಇದು ಚಿಕ್ಕ ವಿಷಯವಲ್ಲ.

ಮೂರನೆಯ ತಲೆಮಾರು 2018ರ ಫೆಬ್ರವರಿಯಲ್ಲಿ ಆಟೋ ಎಕ್ಸ್‌ಪೋದಲ್ಲಿ ಬಿಡುಗಡೆಯಾಯಿತು. ಡಿಕ್ಕಿ ಒಮ್ಮೆಲೇ 268 ಲೀಟರ್. ಕಾರಿನ ಉದ್ದ 10 ಮಿಮೀ ಕಡಿಮೆಯಾಗಿ ವೀಲ್‌ಬೇಸ್ 2450 ಮಿಮೀ ಆದದ್ದರಿಂದ ಹಿಂದೆ ಮೊಣಕಾಲಿಗೂ ಜಾಗ ಬಂತು. ಹಾರ್ಟೆಕ್ಟ್ ಎಂಬ ಹೊಸ ಪ್ಲಾಟ್‌ಫಾರ್ಮಿನಿಂದಾಗಿ (ಕಾರಿನ ತಳದ ಚೌಕಟ್ಟು) ಪೆಟ್ರೋಲ್ ಕಾರಿನ ತೂಕ 900 ಕೆಜಿಗಿಂತ ಕೆಳಗಿಳಿಯಿತು. ಮೊದಲನೆಯದು ಸುಮಾರು ಒಂದು ಟನ್ ತೂಗುತ್ತಿತ್ತು ಎಂದು ನೆನಪಿಟ್ಟುಕೊಂಡರೆ ಇದು ಎಷ್ಟು ಇಳಿಕೆ ಎಂದು ತಿಳಿಯುತ್ತದೆ. ಹಗುರಾದದ್ದರ ಲಾಭ ಸಿಗ್ನಲ್‌ನಲ್ಲಿ ಸಿಗುತ್ತದೆ. ಕಾಲಿಟ್ಟರೆ ಸಾಕು, ಕಾರು ಚಿಮ್ಮುತ್ತದೆ. ಆದರೆ ಸ್ಟೇರಿಂಗ್ ಹಗುರವಾಗಿ, ನೆಲದ ಸುದ್ದಿ ಕೈಗೆ ತಲುಪುವುದು ನಿಂತಿತು. ತಿರುವಿನಿಂದ ಹೊರಗೆ ಬರುವಾಗ ನಾವೇ ತಿರುಗಿಸಿ ನೆಟ್ಟಗೆ ಮಾಡಬೇಕು. ಎರಡನೆಯದರಿಂದ ಇಳಿದು ಮೂರನೆಯದಕ್ಕೆ ಹತ್ತಿದರೆ ಮೊದಲ ತಿರುವಿನಲ್ಲೇ ಇದು ಎದ್ದು ಕಾಣುತ್ತದೆ.

ಎಎಂಟಿ ಬಗ್ಗೆ ಬೇರೆಬೇರೆ ಅಭಿಪ್ರಾಯಗಳಿವೆ. ನನ್ನದು ಇಷ್ಟು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎಡಗಾಲಿಗೆ ಕೆಲಸವಿಲ್ಲ ಅನ್ನುವುದೇ ದೊಡ್ಡ ವರ, ಅಲ್ಲಿ ಗೇರು ಬದಲಾಗುವಾಗಿನ ಆ ಸಣ್ಣ ತೂಗಾಟ ಲೆಕ್ಕಕ್ಕೇ ಬರುವುದಿಲ್ಲ. ಘಾಟಿಯಲ್ಲಿ ಮಾತ್ರ ಅದರ ಲೆಕ್ಕಾಚಾರ ನಮ್ಮದಕ್ಕೆ ಹೊಂದುವುದಿಲ್ಲ. ತಿರುವು ಮುಗಿಯುವ ಹೊತ್ತಿಗೆ ಗೇರು ಇಳಿಸಲೋ ಬೇಡವೋ ಎಂದು ಯೋಚಿಸುತ್ತದೆ. ಅಲ್ಲಿ ಮ್ಯಾನುಯಲ್ ಮೋಡ್‌ಗೆ ಹಾಕಿ ನಾವೇ ಗೇರು ಬದಲಿಸುವುದು ಒಳ್ಳೆಯದು. ಓವರ್‌ಟೇಕ್ ಮಾಡುವ ಮುಂಚೆಯೂ ಇದೇ ಮಾತು.

ಮೂರನೆಯದರಲ್ಲಿ ನನಗೆ ಒಪ್ಪಿಗೆಯಾಗದ ಇನ್ನೊಂದು ಸಂಗತಿ ಹಿಂದಿನ ಬಾಗಿಲಿನ ಹಿಡಿ. ಎರಡೇ ಬಾಗಿಲಿನ ಕಾರಿನ ಹಾಗೆ ಕಾಣಲಿ ಎಂದು ಅದನ್ನು ಬಾಗಿಲಿನ ಮೇಲೆ, ಗಾಜಿನ ಪಕ್ಕದ ಕಂಬದಲ್ಲಿ ಅಡಗಿಸಿಟ್ಟರು. ಫೋಟೋದಲ್ಲಿ ಸೊಗಸು. ಆದರೆ ವಯಸ್ಸಾದವರು ಬಾಗಿಲಿನ ಮೇಲೆ ಕೈಯಾಡಿಸಿ ಹುಡುಕುತ್ತಾ ನಿಲ್ಲುತ್ತಾರೆ. ಚಿಕ್ಕ ಮಕ್ಕಳಿಗೆ ಎಟುಕುವುದಿಲ್ಲ. ಮುಂಗೈ ಮೇಲೆತ್ತಿ ಒಳಗೆ ಬೆರಳು ತೂರಿಸಿ ಎಳೆಯಬೇಕು, ಭುಜದ ನೋವಿರುವವರಿಗೆ ಅದೂ ಕಷ್ಟ. ನಾಲ್ಕನೆಯದರಲ್ಲಿ ಹಿಡಿ ಮತ್ತೆ ಬಾಗಿಲಿಗೇ ಬಂದಿದೆ. ಕಂಪನಿಯ ಜಾಹೀರಾತಿನಲ್ಲಿ ಇದಕ್ಕೆ ಜಾಗ ಸಿಗುವುದಿಲ್ಲ, ನಮ್ಮ ಮನೆಯಲ್ಲಿ ಮಾತ್ರ ಎಲ್ಲರಿಗಿಂತ ಮೊದಲು ಅಮ್ಮ ಮೆಚ್ಚಿದ್ದು ಇದನ್ನೇ.

2020ರ ಏಪ್ರಿಲ್‌ನಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಜಾರಿಗೆ ಬಂದಾಗ ಮಾರುತಿ ಡೀಸೆಲ್ ಎಂಜಿನ್‌ಗಳನ್ನೇ ಕೈಬಿಟ್ಟಿತು. ಚಿಕ್ಕ ಎಂಜಿನ್ನನ್ನು ಆ ನಿಯಮಕ್ಕೆ ಹೊಂದಿಸುವ ಖರ್ಚು ಗಿಟ್ಟುವುದಿಲ್ಲ ಎಂಬ ಲೆಕ್ಕ. ನನ್ನ ಮಟ್ಟಿಗೆ ಸ್ವಿಫ್ಟ್‌ನ ಕತೆ ಎರಡು ಭಾಗವಾಗುವುದು ಇಲ್ಲೇ. ಸಮಾಧಾನಕ್ಕೆ 2021ರಲ್ಲಿ ಪೆಟ್ರೋಲ್ ಎಂಜಿನ್ ಡ್ಯುಯಲ್‌ಜೆಟ್ ಆಗಿ 90 ಪಿಎಸ್ ಕೊಟ್ಟಿತು. ನಾಲ್ಕು ಸಿಲಿಂಡರ್, ರೇಷ್ಮೆಯಂಥ ಓಟ, 6000 ಆರ್‌ಪಿಎಂವರೆಗೂ ದಣಿವಿಲ್ಲ. ಪೆಟ್ರೋಲ್ ಸ್ವಿಫ್ಟ್‌ಗಳಲ್ಲಿ ನನಗೆ ಇಷ್ಟವಾದದ್ದು ಇದೇ ಎಂಜಿನ್.

ನಾಲ್ಕನೆಯದು 2024ರ ಮೇ 9ರಂದು ಬಂತು, ಆಗ ಎಕ್ಸ್ ಶೋರೂಂ ಬೆಲೆ 6.49 ಲಕ್ಷದಿಂದ ಶುರು. ಎಂಜಿನ್ ಮೂರು ಸಿಲಿಂಡರ್‌ನ ಝಡ್ ಸೀರೀಸ್, ಶಕ್ತಿ 82 ಪಿಎಸ್‌ಗೆ ಇಳಿಯಿತು, ಟಾರ್ಕ್ 112 ಎನ್‌ಎಂ. ಸಿಗ್ನಲ್‌ನಲ್ಲಿ ನಿಂತಾಗ ಸೀಟಿನಲ್ಲಿ, ಗೇರ್ ಹಿಡಿಯಲ್ಲಿ ಸಣ್ಣ ನಡುಕ ಗೊತ್ತಾಗುತ್ತದೆ. ಕಾರು ಚಲಿಸಿದ ಮೇಲೆ ಅದು ಮರೆತುಹೋಗುತ್ತದೆ. ಊರೊಳಗೆ, 2000ದ ಆಸುಪಾಸಿನಲ್ಲಿ ಓಡಿಸುವಾಗ ಶಕ್ತಿ ಕಡಿಮೆಯಾಗಿದೆ ಎಂದು ಅನಿಸುವುದೇ ಇಲ್ಲ. ಹೆದ್ದಾರಿಯಲ್ಲಿ ಬಸ್ಸನ್ನು ಹಿಂದೆ ಹಾಕುವಾಗ ಮಾತ್ರ ಕೊನೆಯ ಆ ಒಂದು ಉಸಿರು ಇಲ್ಲ ಎಂದು ತಿಳಿಯುತ್ತದೆ. ಒಂದು ಗೇರು ಇಳಿಸಲೇಬೇಕು.

ಬದಲಿಗೆ ಸಿಗುವುದು ಮೈಲೇಜ್. 2011ರ ಪೆಟ್ರೋಲ್ ಸ್ವಿಫ್ಟ್‌ಗೆ ಕಂಪನಿ ಹೇಳಿದ್ದು ಲೀಟರಿಗೆ 18.6 ಕಿಮೀ. ನಾಲ್ಕನೆಯದಕ್ಕೆ ಮ್ಯಾನುಯಲ್‌ನಲ್ಲಿ 24.80, ಎಎಂಟಿಯಲ್ಲಿ 25.75. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಈ ಅಂಕಿ ಯಾರಿಗೂ ಸಿಗುವುದಿಲ್ಲ ಬಿಡಿ. ಆದರೆ ಹಾಸನದ ದಾರಿಯಲ್ಲಿ 90 ದಾಟದೆ ಹೋದರೆ 22ಕ್ಕೆ ಮೋಸವಿಲ್ಲ. ಪೆಟ್ರೋಲ್ ಲೀಟರಿಗೆ ನೂರು ದಾಟಿದ ಕಾಲದಲ್ಲಿ ಇದು ಪ್ರತಿ ತಿಂಗಳೂ ಕೈಗೆ ಗೊತ್ತಾಗುತ್ತದೆ.

ಇನ್ನು ಸುರಕ್ಷತೆ. ಇಲ್ಲಿ ನನಗೆ ಯಾವ ಹಳೆಯ ಪ್ರೀತಿಯೂ ಅಡ್ಡ ಬರುವುದಿಲ್ಲ. 2014ರಲ್ಲಿ, ಕಾರುಗಳನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಎರಡನೇ ತಲೆಮಾರಿನ ಸ್ವಿಫ್ಟ್ ಪರೀಕ್ಷಿಸಿ ಸೊನ್ನೆ ನಕ್ಷತ್ರ ಕೊಟ್ಟಿತು. ಮೂರನೆಯದಕ್ಕೆ 2018ರಲ್ಲಿ 2 ನಕ್ಷತ್ರ, ನಿಯಮ ಬಿಗಿಯಾದ ಮೇಲೆ 2022ರಲ್ಲಿ 1. ನಾಲ್ಕನೆಯದರಲ್ಲಿ ಅತಿ ಕಡಿಮೆ ಬೆಲೆಯ ಮಾದರಿಗೂ ಆರು ಏರ್‌ಬ್ಯಾಗ್, ಇಎಸ್‌ಪಿ, ಐದೂ ಜನಕ್ಕೆ ಮೂರು ಬಿಂದುವಿನ ಬೆಲ್ಟ್ ಇದೆ. ಇದರ ಅಣ್ಣತಮ್ಮನಂತಿರುವ ಡಿಸೈರ್ 2024ರಲ್ಲಿ ದೊಡ್ಡವರ ಸುರಕ್ಷತೆಗೆ 5 ನಕ್ಷತ್ರ ಪಡೆಯಿತು. ಆದರೆ ಒಂದು ಕಾರಿನ ನಕ್ಷತ್ರವನ್ನು ಇನ್ನೊಂದಕ್ಕೆ ಅಂಟಿಸಬಾರದು. ಅದೇ ವರ್ಷ ಯೂರೋಪಿನಲ್ಲಿ ಮಾರುವ ಸ್ವಿಫ್ಟ್‌ಗೆ ಯೂರೋ ಎನ್‌ಕ್ಯಾಪ್ ಕೊಟ್ಟದ್ದು 3. ನನಗೆ ಇಎಸ್‌ಪಿಯೇ ಮುಖ್ಯ. ಜುಲೈ ಮಳೆಯಲ್ಲಿ ಚಾರ್ಮಾಡಿ ಇಳಿಯುವಾಗ ರಸ್ತೆ ಮೇಲೆ ಕೆಸರು, ಎಲೆ, ಮೇಲಿನಿಂದ ಇಳಿದ ನೀರು. ಚಕ್ರ ಜಾರಿದರೆ ತಾನೇ ಒಂದೊಂದು ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ಗೆರೆಗೆ ತರುವ ವ್ಯವಸ್ಥೆ ಅದು. ಮೊದಲ ಎರಡು ತಲೆಮಾರಿನಲ್ಲಿ ಎಷ್ಟು ದುಡ್ಡು ಕೊಟ್ಟರೂ ನಮಗೆ ಅದು ಸಿಗುತ್ತಿರಲಿಲ್ಲ.

ಹೊಸದು ಕೊಳ್ಳುವವರಿಗೆ ನಾಲ್ಕನೆಯದರ ಮ್ಯಾನುಯಲ್ ಸಾಕು, ದಿನವೂ ಟ್ರಾಫಿಕ್ ಇದ್ದರೆ ಎಎಂಟಿ. ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಹುಡುಕುವವರು 2021ರಿಂದ 2024ರ ನಡುವಿನ 90 ಪಿಎಸ್ ಕಾರು ನೋಡಿ. ನನ್ನ ಹಾಗೆ ಡೀಸೆಲ್ ಹುಚ್ಚಿದ್ದರೆ ಎರಡನೆಯದರಲ್ಲಿ ಎಲ್ಲಕ್ಕಿಂತ ಮೇಲಿನ ಮಾದರಿ ಝಡ್‌ಡಿಐ ಮಾತ್ರ ನೋಡಿ, ಏರ್‌ಬ್ಯಾಗ್, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಎರಡೂ ಅದರಲ್ಲಿವೆ. 2014ರ ಕೊನೆಯಲ್ಲಿ ಬಂದ ಫೇಸ್‌ಲಿಫ್ಟ್ (ಅದೇ ತಲೆಮಾರನ್ನು ಅಲ್ಪಸ್ವಲ್ಪ ತಿದ್ದಿದ ಮಾದರಿ) ಸಿಕ್ಕರೆ ಇನ್ನೂ ಒಳ್ಳೆಯದು. ನೋಂದಣಿಯ 15 ವರ್ಷ ಯಾವಾಗ ಮುಗಿಯುತ್ತದೆ ಎಂದು ಆರ್‌ಸಿಯಲ್ಲಿ ಮೊದಲು ನೋಡಿಕೊಳ್ಳಿ. ಆಮೇಲೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ನೀವೇ ಸ್ಟಾರ್ಟ್ ಮಾಡಿ. ಹೊಗೆಯ ಬಣ್ಣ ನೋಡಿ, ಕ್ಲಚ್ ಎಲ್ಲಿ ಹಿಡಿಯುತ್ತದೆ ನೋಡಿ. ಒಂದು ಏರಿನಲ್ಲಿ ಥರ್ಡ್ ಗೇರಿಗೆ ಹಾಕಿ 2000 ದಾಟಿಸಿ. ಆ ಎಳೆತ ಬರದಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಆ ಕಾರು ಬಿಟ್ಟು ಬನ್ನಿ.