ಪೊಬೆಡಾ, ಸ್ಲಾವಾ, ಪೊಲ್ಯೊಟ್: ಹಳೇ ಸೋವಿಯತ್ ವಾಚು ಕೊಳ್ಳುವುದಾದರೆ

ಮೂರೂ ಕೈಯಿಂದ ಕೀಲಿ ಕೊಡುವ ವಾಚುಗಳೇ. ಮಾಡಿದ ಮೂಲ ಕಾರ್ಖಾನೆಗಳು ಈಗಿಲ್ಲ, ಹಾಗಾಗಿ ಬಿಡಿಭಾಗವೆಂದರೆ ಹೆಚ್ಚಾಗಿ ಇನ್ನೊಂದು ಹಳೇ ವಾಚು ಬಿಚ್ಚುವುದೇ.

ಬೆಲೆ, ರಿಪೇರಿ ಎರಡರಲ್ಲೂ ಹಗುರ ರಷ್ಯಾದ ಸಮಾರಾ ಊರಿನ ಜಿಮ್ (ZIM) ಕಾರ್ಖಾನೆಯ ಪೊಬೆಡಾ 2602 (ಅಂಕಿ ಒಳಗಿನ ಯಂತ್ರದ್ದು). 15 ಜ್ಯುವೆಲ್ (ಸವೆತ ತಡೆಯುವ ಹರಳು), ಫ್ರಾನ್ಸಿನ ಲಿಪ್ ಕಂಪನಿಯ ವಿನ್ಯಾಸದ ಕುಡಿ. ಎಚ್‌ಎಂಟಿ ಜನತಾ ಬಿಚ್ಚಿ ಪಳಗಿದ ಕೈಗೆ ಇದು ಒಗಟಲ್ಲ. ಆದರೆ ಆಘಾತ ತಡೆಯುವ ಸ್ಪ್ರಿಂಗ್ ಇಲ್ಲ. ನೆಲಕ್ಕೆ ಬಿದ್ದರೆ ಬ್ಯಾಲೆನ್ಸ್ ಸ್ಟಾಫ್ (ಓಲಾಡುವ ಚಕ್ರದ ಅಚ್ಚು) ತುದಿ ಮುರಿಯುತ್ತದೆ.

ವಾರ, ತಾರೀಖು ಬೇಕಿದ್ದರೆ ಸ್ಲಾವಾ 2428. 26 ಜ್ಯುವೆಲ್, ಜೋಡಿ ಬ್ಯಾರೆಲ್ (ಕೀಲಿಯ ಸ್ಪ್ರಿಂಗ್ ಸುತ್ತಿಡುವ ಡಬ್ಬಿ). ಸ್ಪ್ರಿಂಗ್ ಬದಲಿಸುವಾಗ ಎರಡನ್ನೂ ಒಟ್ಟಿಗೇ ಬದಲಿಸಿ. ಮಧ್ಯರಾತ್ರಿಯ ಆಸುಪಾಸಿನಲ್ಲಿ ತಾರೀಖು ತಿರುಗಿಸಬೇಡಿ.

ಪೊಲ್ಯೊಟ್ 3133 ಕ್ರೊನೊಗ್ರಾಫ್ (ಸ್ಟಾಪ್‌ವಾಚ್ ಕೂಡಿದ ವಾಚು) ಸ್ವಿಸ್ ವ್ಯಾಲ್ಜೂ 7734 ಯಂತ್ರದ ಸಂತಾನ, ಮಾಸ್ಕೋದ್ದು. ಚೆಲುವಾದದ್ದು ಇದೇ, ಜೇಬಿಗೆ ಭಾರವೂ ಇದೇ. ಕೊಳ್ಳುವ ಮುನ್ನ ಮೇಲಿನ ಗುಂಡಿ ಒತ್ತಿ ಅರ್ಧ ಗಂಟೆ ಓಡಿಸಿ: ನಿಮಿಷದ ಮುಳ್ಳು ಸರಿಯಾಗಿ ಜಿಗಿಯಬೇಕು, ಮೇಲಿನದನ್ನೇ ಮತ್ತೆ ಒತ್ತಿ ನಿಲ್ಲಿಸಿ ಕೆಳಗಿನ ಗುಂಡಿ ಒತ್ತಿದಾಗ ಸೆಕೆಂಡಿನ ಮುಳ್ಳು ನೇರ ಸೊನ್ನೆಗೆ ಬಂದು ನಿಲ್ಲಬೇಕು. ಕ್ರೊನೊಗ್ರಾಫ್ ಸರ್ವಿಸ್ ಬಲ್ಲವರು ಹತ್ತಿರದಲ್ಲಿ ಇಲ್ಲದಿದ್ದರೆ ಸ್ಲಾವಾ ಸಾಕು. ಬಿಚ್ಚಿ ಕಲಿಯಲಿಕ್ಕಾದರೆ ಪೊಬೆಡಾ.