ಒಟಿಪಿ ಹೇಳುವ ಮುನ್ನ ನಿಮ್ಮ ರಿಟರ್ನ್ಸ್ ಓದಿ

ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಭಾಗದಲ್ಲಿ ಕಬಡ್ಡಿ, ಕೊಕ್ಕೊ, ವಾಲಿಬಾಲ್ ಪಂದ್ಯಗಳಿಗೆ ತೀರ್ಪುಗಾರರಾಗಿ ಹೋಗುವ ಮಿತ್ರರು ಇದನ್ನು ದಯವಿಟ್ಟು ಪೂರ್ತಿ ಓದಬೇಕು. 5,200 ರೂಪಾಯಿ ರಿಫಂಡ್‌ನ ಆಸೆಗೆ ನಾನು ಆದಾಯ ತೆರಿಗೆ ಇಲಾಖೆಗೆ 38 ಸಾವಿರಕ್ಕೂ ಹೆಚ್ಚು ಹಣ ಕಟ್ಟಿದ್ದೇನೆ. ಹಣ ಹೋದದ್ದಕ್ಕಿಂತ ಹೆಚ್ಚು ಸಂಕಟವಾದದ್ದು ಇನ್ನೊಂದು ವಿಷಯಕ್ಕೆ. ಆ ವರ್ಷ ನಾನು ಒಂದು ರೂಪಾಯಿ ಖರ್ಚನ್ನೂ ತೋರಿಸದೆ ಇದ್ದದ್ದನ್ನು ಇದ್ದ ಹಾಗೆ ಬರೆದು ರಿಟರ್ನ್ಸ್ ಸಲ್ಲಿಸಿದ್ದರೂ ಅದೇ 5,200 ರೂಪಾಯಿ ನನ್ನ ಖಾತೆಗೆ ಬರುತ್ತಿತ್ತು.

ನಾನು ಖಾಸಗಿ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟರೆ ಸೀಟಿ, ಸ್ಟಾಪ್‌ವಾಚ್, ಹಸಿರು-ಹಳದಿ-ಕೆಂಪು ಕಾರ್ಡುಗಳನ್ನು ಚೀಲಕ್ಕೆ ಹಾಕಿಕೊಂಡು ಜಮಖಂಡಿಗೋ ಮುಧೋಳಕ್ಕೋ ಬಸ್ ಹತ್ತುತ್ತೇನೆ. ಜಾತ್ರೆಯ ದಿನಗಳಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ನಡೆದರೆ ಬೆಳಗಿನ ಜಾವದವರೆಗೂ ಅಂಕಣದಲ್ಲಿರಬೇಕು. ಕೊಡುವವರು ಗೌರವಧನವನ್ನು ಲಕೋಟೆಯಲ್ಲಿ ಕೊಡುತ್ತಾರೆ. 2023-24ರಲ್ಲಿ ಇಂಥ ಲಕೋಟೆಗಳಿಂದ ನನಗೆ ಬಂದದ್ದು 32,000 ರೂಪಾಯಿ. ಅದಲ್ಲದೆ ಲೀಗ್ ಒಂದರ ಸಂಘಟಕರು ಪೂರ್ತಿ ಋತುವಿಗೆ 52,000 ರೂಪಾಯಿ ಸಂಭಾವನೆ ನೀಡಿ, ಅದರಲ್ಲಿ ಶೇ 10ರಂತೆ 5,200 ರೂಪಾಯಿ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದುಕೊಂಡಿದ್ದರು.

ಅವರು ಹಿಡಿದದ್ದರಲ್ಲಿ ತಪ್ಪಿಲ್ಲ. 2008ರ ಆಗಸ್ಟ್‌ನಲ್ಲಿ ಹೊರಬಿದ್ದ ಅಧಿಸೂಚನೆಯೊಂದು ಅಂಪೈರ್‌ಗಳನ್ನೂ ರೆಫರಿಗಳನ್ನೂ ಆದಾಯ ತೆರಿಗೆ ಕಾಯ್ದೆಯ 194ಜೆ ಕಲಮಿನ ವ್ಯಾಪ್ತಿಗೆ ತಂದಿತ್ತು. ಒಬ್ಬ ಸಂಘಟಕರು ವರ್ಷದಲ್ಲಿ ಕೊಡುವ ಸಂಭಾವನೆ 30,000 ರೂಪಾಯಿ ದಾಟಿದರೆ ತೆರಿಗೆ ಕಡಿತವಾಗಬೇಕಿತ್ತು. 2025ರ ಏಪ್ರಿಲ್‌ನಿಂದ ಆ ಮಿತಿ 50,000ಕ್ಕೆ ಏರಿತು. ಪ್ಯಾನ್ ಸಂಖ್ಯೆ ಕೊಡದಿದ್ದರೆ ಕಡಿತ ಶೇ 20 ಆಗುತ್ತದೆ. ಆದ್ದರಿಂದ ಪ್ಯಾನ್ ಕೊಡಿ, ತೆರಿಗೆ ಹಿಡಿದದ್ದಕ್ಕೆ ಪ್ರಮಾಣಪತ್ರ ಕೇಳಿ ಪಡೆಯಿರಿ.

ಆ 5,200 ರೂಪಾಯಿಯನ್ನು ವಾಪಸ್ ಪಡೆಯುವುದು ಹೇಗೆಂದು ತಿಳಿಯದೆ ನಾನು ನಮ್ಮ ಊರಿನ ತೆರಿಗೆ ಸಲಹೆಗಾರರೊಬ್ಬರ ಬಳಿಗೆ ಹೋದೆ. ಅವರು ಲೆಕ್ಕ ಪರಿಶೋಧಕರಲ್ಲ; ರಿಟರ್ನ್ಸ್ ತುಂಬಿಕೊಡುವ ಅಂಗಡಿ ಇಟ್ಟವರು. ಸಹೋದ್ಯೋಗಿಗಳು ಅನೇಕರು ಅಲ್ಲಿಯೇ ಹೋಗುತ್ತಿದ್ದರು. ಅವರು ನನ್ನ ಫಾರಂ 16 (ಶಾಲೆಯವರು ಕೊಡುವ ಸಂಬಳ-ತೆರಿಗೆಯ ಪ್ರಮಾಣಪತ್ರ) ನೋಡಿ, "ಗುರುಗಳೇ, ನೀವು ಖರ್ಚು ತೋರಿಸಿಯೇ ಇಲ್ಲ. ಬೂಟು, ಬಟ್ಟೆ, ಓಡಾಟ, ಊಟ ಎಲ್ಲ ಖರ್ಚೇ ಅಲ್ಲವೇ? ಪೂರ್ತಿ ರಿಫಂಡ್ ಬರುವಂತೆ ಮಾಡಿಕೊಡುತ್ತೇನೆ. ನನಗೆ 1,500 ಕೊಡಿ ಸಾಕು" ಎಂದರು. ನಾನು ಸೀಟಿಗಳನ್ನು ಇಡುವ ತಗಡಿನ ಡಬ್ಬಿಯಲ್ಲಿ ಕೂಡಿಟ್ಟಿದ್ದ ಬಸ್ ಟಿಕೆಟ್‌ಗಳನ್ನು ಮುಂದಿಟ್ಟೆ. ಅವರು ಡಬ್ಬಿಯ ಮುಚ್ಚಳವನ್ನೂ ತೆಗೆಯಲಿಲ್ಲ. "ಇವೆಲ್ಲ ಯಾರೂ ಕೇಳುವುದಿಲ್ಲ" ಎಂದು ನನ್ನ ಕಡೆಗೇ ಸರಿಸಿದರು. ನಾನು ಎದ್ದು ಬರಬೇಕಾಗಿದ್ದ ಗಳಿಗೆ ಅದು.

2024ರ ಜುಲೈ ಕೊನೆಯ ವಾರ. ಮಕ್ಕಳಿಗೆ ಅಭ್ಯಾಸ ಮಾಡಿಸುತ್ತ ಮೈದಾನದಲ್ಲಿದ್ದೆ. ಅಂಗಡಿಯ ಹುಡುಗ ಫೋನ್ ಮಾಡಿ, "ಸರ್, ಒಂದು ಒಟಿಪಿ ಬಂದಿರುತ್ತದೆ, ಹೇಳಿ" ಎಂದ. ಹೇಳಿದೆ. ಹತ್ತು ನಿಮಿಷ ಬಿಟ್ಟು ಮತ್ತೊಂದು ಕೇಳಿದ. ಅದನ್ನೂ ಹೇಳಿದೆ. ಪಂದ್ಯ ಮುಗಿದ ಮೇಲೆ ಸ್ಕೋರ್‌ಶೀಟ್‌ಗೆ ಸಹಿ ಹಾಕುವ ಮುನ್ನ ಎರಡೂ ತಂಡಗಳ ಅಂಕಗಳನ್ನು ಬೆರಳಿಟ್ಟು ಎಣಿಸುವವನು ನಾನು. ನನ್ನದೇ ಆದಾಯದ ಲೆಕ್ಕಕ್ಕೆ, ಅದರಲ್ಲಿ ಏನಿದೆ ಎಂದು ನೋಡದೆ, ಎರಡು ಬಾರಿ ಸಹಿ ಹಾಕಿಕೊಟ್ಟಿದ್ದೆ. ಆಧಾರ್ ಒಟಿಪಿ ಎಂದರೆ ಸಹಿಯೇ. ಆಮೇಲೆ "ಅವರು ತುಂಬಿದ್ದು, ನನಗೆ ಗೊತ್ತಿಲ್ಲ" ಎಂದರೆ ಇಲಾಖೆ ಒಪ್ಪುವುದಿಲ್ಲ.

ಕೆಲವು ವಾರಗಳಲ್ಲಿ ರಿಫಂಡ್ ಬಂತು. ಹಣ ಬಂತೆಂದರೆ ಲೆಕ್ಕ ಸರಿಯಿದೆ ಎಂದು ನಾನೂ ನಂಬಿದೆ. ಅನೇಕರು ಮೋಸ ಹೋಗುವುದು ಇಲ್ಲಿಯೇ. ರಿಟರ್ನ್ಸ್ ಜೊತೆಗೆ ಯಾವ ರಸೀದಿಯನ್ನೂ ಲಗತ್ತಿಸಬೇಕಾಗಿಲ್ಲ. ನಾವು ಬರೆದದ್ದನ್ನು ಯಂತ್ರ ಮೊದಲು ಒಪ್ಪಿಕೊಳ್ಳುತ್ತದೆ; ಪ್ರಶ್ನೆ ಬರುವುದು ತಡವಾಗಿ.

ನನಗೆ ಬಂದದ್ದು 2025ರ ಬೇಸಿಗೆಯ ಕೊನೆಗೆ, ಮೊಬೈಲ್‌ಗೆ ಒಂದು ಸಂದೇಶವಾಗಿ. ನೀವು ಪಡೆದ ಕಡಿತವನ್ನು ಪರಿಶೀಲಿಸಿ, ತಪ್ಪಿದ್ದರೆ ರಿಟರ್ನ್ಸ್ ತಿದ್ದಿ ಎಂಬ ಸಾರಾಂಶ. ಸಲಹೆಗಾರರಿಗೆ ಫೋನ್ ಮಾಡಿದರೆ, "ಎಲ್ಲರಿಗೂ ಬರುತ್ತದೆ ಗುರುಗಳೇ, ಸುಮ್ಮನಿರಿ" ಎಂದರು. ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ನಮ್ಮ ಓಣಿಯಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿದ್ದಾರೆ, ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಅವರ ಪಕ್ಕದಲ್ಲಿ ಕುಳಿತು, ಮೊದಲ ಬಾರಿಗೆ ನನ್ನದೇ ಖಾತೆಯನ್ನು ಇಲಾಖೆಯ ಜಾಲತಾಣದಲ್ಲಿ ತೆರೆದೆ. ಪಾಸ್‌ವರ್ಡ್ ಕೂಡ ನನ್ನ ಬಳಿ ಇರಲಿಲ್ಲ, ಹೊಸದು ಮಾಡಿಕೊಳ್ಳಬೇಕಾಯಿತು. ಇಮೇಲ್ ವಿಳಾಸದ ಜಾಗದಲ್ಲಿ ಆ ಅಂಗಡಿಯ ವಿಳಾಸವಿತ್ತು. ಇಲಾಖೆ ನನಗೆ ಬರೆದ ಪತ್ರಗಳೆಲ್ಲ ಅವರ ಮನೆಗೆ ಹೋದಂತಾಗಿತ್ತು.

ರಿಟರ್ನ್ಸ್ ತೆರೆದಾಗ ಕಂಡ ಲೆಕ್ಕವನ್ನು ಹಾಗೆಯೇ ಇಡುತ್ತೇನೆ. ಪ್ರಯಾಣ 28,000, ಬಟ್ಟೆ-ಬೂಟು 15,000, ಊಟೋಪಚಾರ 10,000, ಇತರೆ 8,000. ಒಟ್ಟು 61,000. ಎಲ್ಲವೂ ಸೊನ್ನೆಯಲ್ಲಿ ಮುಗಿಯುವ ಅಂಕಿಗಳು. ನಿಜವಾದ ಖರ್ಚು ಹೀಗೆ ಇರುವುದೇ ಇಲ್ಲ. ಅದರ ಕೆಳಗೆ 80ಜಿಜಿಸಿ ಕಲಮಿನಡಿ ಒಂದು ರಾಜಕೀಯ ಪಕ್ಷಕ್ಕೆ 25,000 ರೂಪಾಯಿ ದೇಣಿಗೆ. ಆ ಪಕ್ಷದ ಹೆಸರನ್ನು ನಾನು ಕೇಳಿಯೂ ಇರಲಿಲ್ಲ. ಕೈ ನಡುಗಿತು. ಕಾಕಾ, "ತಮ್ಮಾ, ಇದು ನೀನು ಕೊಟ್ಟಿದ್ದೇನು?" ಎಂದು ಎರಡು ಸಲ ಕೇಳಿದರು.

ಅಂಗಡಿಯವರು ಏಕೆ ಹೀಗೆ ತುಂಬಿದ್ದರು ಎಂಬುದನ್ನು ಕಾಕಾ ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಬರೆದು ತೋರಿಸಿದರು. ಸಂಬಳ 6,60,000. ತೆರಿಗೆ ಲೆಕ್ಕ ಹಾಕಲು ಹಳೆಯದು, ಹೊಸದು ಎಂದು ಎರಡು ಪದ್ಧತಿಗಳಿವೆ, ಒಂದನ್ನು ಆರಿಸಿಕೊಳ್ಳಬೇಕು. ಹಳೆಯ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದವರಿಗೆಲ್ಲ ರಸೀದಿಯಿಲ್ಲದೆ ಸಿಗುವ ಕಡಿತ) 50,000, ವೃತ್ತಿ ತೆರಿಗೆ 2,400, ವಿಮೆ-ಭವಿಷ್ಯನಿಧಿ 1,10,000 ಕಳೆದರೆ 4,97,600. ಹಳೆಯ ಪದ್ಧತಿಯಲ್ಲಿ 5 ಲಕ್ಷದವರೆಗೆ ರಿಯಾಯಿತಿ ಇದೆ, ತೆರಿಗೆ ಇಲ್ಲ. ಆದರೆ ಒಂದು ಸಾವಿರ ದಾಟಿದರೂ ರಿಯಾಯಿತಿ ಪೂರ್ತಿ ಹೋಗಿ, ಎರಡೂವರೆ ಲಕ್ಷದ ಮೇಲಿನ ಎಲ್ಲದಕ್ಕೂ ತೆರಿಗೆ ಬೀಳುತ್ತದೆ. ತೀರ್ಪುಗಾರಿಕೆಯ 84,000 ಸೇರಿದರೆ ನಾನು ಆ ಗೆರೆ ದಾಟುತ್ತೇನೆ. ಅದಕ್ಕಾಗಿಯೇ 61,000 ಖರ್ಚು. ಅದೂ ಸಾಲದಾದಾಗ 25,000 ದೇಣಿಗೆ. ಮೊತ್ತ 4,95,600ಕ್ಕೆ ಇಳಿದು, ತೆರಿಗೆ ಸೊನ್ನೆಯಾಗಿ, 5,200 ವಾಪಸ್.

ಹಾಳೆಯನ್ನು ತಿರುಗಿಸಿ ಅವರು ಹೊಸ ಪದ್ಧತಿಯ ಲೆಕ್ಕ ಬರೆದರು. 6,60,000ದಲ್ಲಿ 50,000 ಕಳೆದರೆ 6,10,000. ಅದಕ್ಕೆ 84,000 ಪೂರ್ತಿಯಾಗಿ ಸೇರಿಸಿದರೂ 6,94,000. ಆ ವರ್ಷ ಹೊಸ ಪದ್ಧತಿಯಲ್ಲಿ 7 ಲಕ್ಷದವರೆಗೆ ರಿಯಾಯಿತಿ ಇತ್ತು. ತೆರಿಗೆ ಸೊನ್ನೆ. ಯಾವ ಸುಳ್ಳೂ ಬೇಕಿರಲಿಲ್ಲ. ಡಬ್ಬಿಯ ಟಿಕೆಟ್‌ಗಳೂ ಬೇಕಿರಲಿಲ್ಲ.

ಹಾಗಾದರೆ ಈಗ ಹೊಸ ಪದ್ಧತಿಗೆ ಬದಲಾಗಬಹುದಲ್ಲ ಎಂದು ಕೇಳಿದೆ. ಆಗಲಿಲ್ಲ. ವೃತ್ತಿಯ ಆದಾಯ ತೋರಿಸುವವರು ಹಳೆಯ ಪದ್ಧತಿ ಬೇಕೆಂದರೆ ಫಾರಂ 10-ಐಇಎ ಸಲ್ಲಿಸಬೇಕಿತ್ತು. ಮೈದಾನದಲ್ಲಿ ನಿಂತು ಹೇಳಿದ ಎರಡು ಒಟಿಪಿಗಳಲ್ಲಿ ಒಂದು ಆ ಫಾರಂನದು. ಗಡುವು ಮುಗಿದ ಮೇಲೆ ಆ ವರ್ಷದ ಆಯ್ಕೆಯನ್ನು ಹಿಂಪಡೆಯಲಾಗುವುದಿಲ್ಲ.

ಕಾಕಾ ಬೆಳಗಾವಿಯ ಲೆಕ್ಕ ಪರಿಶೋಧಕರೊಬ್ಬರ ಬಳಿಗೆ ಕಳುಹಿಸಿದರು. ನೋಟಿಸ್ ಬರುವ ಮೊದಲೇ ನವೀಕರಿಸಿದ ರಿಟರ್ನ್ಸ್ (ಹಳೆಯದರ ತಪ್ಪನ್ನು ತಿದ್ದಿ, ಹೆಚ್ಚುವರಿ ತೆರಿಗೆಯೊಡನೆ ತಡವಾಗಿ ಕೊಡುವಂಥದ್ದು) ಸಲ್ಲಿಸುವುದು ಒಳ್ಳೆಯದೆಂದು ಅವರು ಹೇಳಿದರು. ಇಲ್ಲದ ದೇಣಿಗೆಯನ್ನು ತೋರಿಸಿದ್ದು ತನಿಖೆಯಲ್ಲಿ ಸಿಕ್ಕಿದರೆ ತಪ್ಪಿಸಿದ ತೆರಿಗೆಯ ಶೇ 200ರಷ್ಟು ದಂಡ ಬೀಳಬಹುದು. ಅವರು ನನ್ನ ಡಬ್ಬಿಯನ್ನು ತೆರೆದು, ಒಂದೊಂದೇ ಟಿಕೆಟ್ ಹೊರತೆಗೆದು ಮೇಜಿನ ಮೇಲೆ ಹರಡಿದರು. ಅರ್ಧಕ್ಕರ್ಧ ಬಿಳಿಯಾಗಿದ್ದವು. ಕಂಡಕ್ಟರ್ ಯಂತ್ರದ ಕಾಗದದ ಮೇಲಿನ ಅಕ್ಷರ ನಮ್ಮ ಬಿಸಿಲಿಗೆ ಒಂದು ಬೇಸಿಗೆ ಉಳಿಯುವುದಿಲ್ಲ. ಊರು, ತಾರೀಕು, ದರ ಯಾವುದೂ ಕಾಣುತ್ತಿರಲಿಲ್ಲ. ಪಂದ್ಯಗಳ ತಾರೀಕು ಬರೆದಿಟ್ಟ ಡೈರಿ ಇದ್ದದ್ದರಿಂದ ಕೆಲವನ್ನು ತಾಳೆ ಹಾಕಲು ಸಾಧ್ಯವಾಯಿತು.

ಯಾವುದು ಸಲ್ಲುತ್ತದೆ, ಯಾವುದು ಇಲ್ಲ ಎಂಬುದನ್ನು ಅಂದು ಕಲಿತೆ. ಖರ್ಚು ಸಂಪೂರ್ಣವಾಗಿ ಆ ಆದಾಯದ ಕೆಲಸಕ್ಕೇ ಆಗಿರಬೇಕು. ಲೀಗ್‌ನ ಸಂಘಟಕರು ನನ್ನ ಬಸ್ ಖರ್ಚು, ವಸತಿಯ ಖರ್ಚು ಬೇರೆಯಾಗಿ ಕೊಟ್ಟಿದ್ದರು. ಕೊಟ್ಟದ್ದನ್ನು ಮತ್ತೆ ನನ್ನ ಖರ್ಚೆಂದು ತೋರಿಸುವಂತಿಲ್ಲ. 28,000ದ ಪ್ರಯಾಣದಲ್ಲಿ ಉಳಿದದ್ದು ಹಳ್ಳಿಯ ಪಂದ್ಯಾವಳಿಗಳ 9,200 ಮಾತ್ರ. ಬೂಟಿನ ವಿಷಯದಲ್ಲಿ ನಾನು ವಾದಿಸಿದೆ. ಅವರು, "ಸರ್, ಇದೇ ಬೂಟು ಹಾಕಿಕೊಂಡು ಬೆಳಿಗ್ಗೆ ಶಾಲೆಯಲ್ಲಿ ಕವಾಯತು ಮಾಡಿಸುತ್ತೀರಾ?" ಎಂದು ಕೇಳಿದರು. ಹೌದೆಂದೆ. ಅದು ಹೋಯಿತು. ಸಂಬಳದ ಕೆಲಸಕ್ಕೆ ನಾವು ಕೊಳ್ಳುವ ಬೂಟು, ಟ್ರ್ಯಾಕ್‌ಸೂಟ್‌ಗೆ ಬೇರೆ ಕಡಿತವಿಲ್ಲ, ಅದಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ ಒಂದೇ. ಪಂದ್ಯಕ್ಕೆ ಮಾತ್ರ ತೊಡುವ ಸಮವಸ್ತ್ರ ಎರಡು ಜೊತೆ ಮತ್ತು ಮ್ಯಾಟ್ ಮೇಲಿನ ಬೂಟು ಸೇರಿ 6,100 ಉಳಿಯಿತು. ಸೀಟಿ, ಸ್ಟಾಪ್‌ವಾಚ್, ಕಾರ್ಡು 1,300. ತೀರ್ಪುಗಾರರ ಪುನಶ್ಚೇತನ ಶಿಬಿರದ ಶುಲ್ಕ ಮತ್ತು ಒಂದು ರಾತ್ರಿಯ ವಸತಿ 2,800. ಎಲ್ಲ ಕೂಡಿ 19,400. ನನ್ನ ಮನಸ್ಸಿಗೆ ಅಷ್ಟೇ ಎನಿಸಿದರೂ, ಆ 19,400ರ ಪ್ರತಿ ರೂಪಾಯಿಗೂ ನಾನು ಯಾರ ಮುಂದೆ ಬೇಕಾದರೂ ಉತ್ತರ ಹೇಳಬಲ್ಲೆ.

ತೆರಿಗೆಗೆ ಒಳಪಡುವ ಆದಾಯ 5,62,200 ಆಯಿತು. ಸೆಸ್ ಸೇರಿ ತೆರಿಗೆ ಸುಮಾರು 25,900. ಟಿಡಿಎಸ್ ಆಗಲೇ ವಾಪಸ್ ಬಂದಿದ್ದರಿಂದ ಅಷ್ಟನ್ನೂ ಕಟ್ಟಬೇಕಾಯಿತು. ಬಡ್ಡಿ ಸುಮಾರು 4,800. ನವೀಕರಿಸಿದ ರಿಟರ್ನ್ಸ್‌ಗಾಗಿ ಇವೆರಡರ ಮೇಲೆ ಶೇ 25ರ ಹೆಚ್ಚುವರಿ ತೆರಿಗೆ, ಸುಮಾರು 7,700. ಮನೆಯಲ್ಲಿ ಮಗಳ ಕಾಲೇಜು ಶುಲ್ಕಕ್ಕೆಂದು ಇಟ್ಟ ಹಣದಿಂದ 2025ರ ಆಗಸ್ಟ್‌ನಲ್ಲಿ ಕಟ್ಟಿದೆ.

ಆ ದಿನಗಳಲ್ಲಿಯೇ ಪತ್ರಿಕೆಗಳಲ್ಲಿ ಸುದ್ದಿ ಬಂದಿತ್ತು. ಜುಲೈ 14ರಂದು ಇಲಾಖೆ ದೇಶದ 150 ಸ್ಥಳಗಳಲ್ಲಿ ಇಂಥ ಸುಳ್ಳು ಕಡಿತಗಳ ದಂಧೆಯನ್ನು ಶೋಧಿಸಿತು. ಅದಕ್ಕೂ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಮಂದಿ ತಾವಾಗಿಯೇ ರಿಟರ್ನ್ಸ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಕಡಿತ ಹಿಂಪಡೆದಿದ್ದರು. ನಮ್ಮ ಅಂಗಡಿ ಒಂದೇ ಅಲ್ಲ ಎಂಬುದು ಆಗ ತಿಳಿಯಿತು.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮವರಲ್ಲಿ ಹರಡಿದೆ. ವಿಜಯಪುರದ ಸೈಕ್ಲಿಂಗ್ ತೀರ್ಪುಗಾರ ಮಿತ್ರರೊಬ್ಬರು, "ರಸೀದಿಯ ಗೊಡವೆಯೇ ಬೇಡ, 44ಎಡಿಎ ಕಲಮಿನಲ್ಲಿ ಬಂದ ಹಣದ ಅರ್ಧವನ್ನಷ್ಟೇ ಆದಾಯವೆಂದು ತೋರಿಸಿದರೆ ಆಯಿತು" ಎಂದು ನನಗೂ ಹೇಳಿದ್ದರು. ಆ ಸೌಲಭ್ಯ ವಕೀಲರು, ವೈದ್ಯರು, ಎಂಜಿನಿಯರ್‌ಗಳು, ವಾಸ್ತುಶಿಲ್ಪಿಗಳು, ಲೆಕ್ಕ ಪರಿಶೋಧಕರಂಥ ಗೊತ್ತುಪಡಿಸಿದ ವೃತ್ತಿಗಳವರಿಗೆ. 2008ರ ಅಧಿಸೂಚನೆಯಲ್ಲಿ ರೆಫರಿಯ ಹೆಸರಿರುವುದು ಟಿಡಿಎಸ್ ಹಿಡಿಯುವ ಉದ್ದೇಶಕ್ಕೆ ಮಾತ್ರ. ಅದನ್ನು ನಂಬಿ ಇಲ್ಲಿ ಕೈ ಹಾಕಬೇಡಿ.

2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇದೆ. ಸಂಬಳದವರಿಗೆ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಬೇರೆ. ನಮ್ಮಂಥ ಬಹುಪಾಲು ತೀರ್ಪುಗಾರರಿಗೆ ಖರ್ಚು ತೋರಿಸುವ ಅಗತ್ಯವೇ ಬೀಳುವುದಿಲ್ಲ. ಯಾರಾದರೂ "ಖರ್ಚು ಹಾಕಿ ರಿಫಂಡ್ ತರುತ್ತೇನೆ" ಎಂದರೆ, ಮೊದಲು ಎರಡೂ ಪದ್ಧತಿಗಳ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಲು ಹೇಳಿ. ನಿಮ್ಮ ಹೆಸರಿನಲ್ಲಿ ಈಗಾಗಲೇ ಸಲ್ಲಿಕೆಯಾದ ರಿಟರ್ನ್ಸ್‌ಗಳನ್ನು ಇಂದೇ ಇಳಿಸಿಕೊಂಡು ಓದಿ; ಮೊಬೈಲ್ ಸಂಖ್ಯೆ, ಇಮೇಲ್ ನಿಮ್ಮವೇ ಇವೆಯೇ ನೋಡಿ. ತಪ್ಪಿದ್ದರೆ ತಡ ಮಾಡಬೇಡಿ. ನವೀಕರಿಸಿದ ರಿಟರ್ನ್ಸ್‌ಗೆ ಈಗ ನಾಲ್ಕು ವರ್ಷಗಳ ಅವಕಾಶವಿದೆ, ಆದರೆ ಹೆಚ್ಚುವರಿ ತೆರಿಗೆ ಮೊದಲ ವರ್ಷ ಶೇ 25, ಎರಡನೆಯ ವರ್ಷ 50, ಆಮೇಲೆ 60, 70 ಎಂದು ಏರುತ್ತದೆ.

ಈಗ ಬಸ್ಸಿನಲ್ಲಿ ಕುಳಿತ ಕೂಡಲೇ ಟಿಕೆಟ್‌ನ ಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದು, ಯಾವ ಊರಿನ ಪಂದ್ಯ ಎಂದು ಡೈರಿಯಲ್ಲಿ ಬರೆಯುತ್ತೇನೆ. ಹಿಂದೆ ನನ್ನೊಡನೆ ಅದೇ ಅಂಗಡಿಗೆ ಹೋಗುತ್ತಿದ್ದ ಮುಧೋಳದ ಕಡೆಯ ತೀರ್ಪುಗಾರರೊಬ್ಬರಿಗೆ ಇದನ್ನೆಲ್ಲ ಹೇಳಿ, ಅವರ ಖಾತೆಯನ್ನು ತೆರೆದು ನೋಡಲು ಒತ್ತಾಯಿಸಿದ್ದೆ. ನಿನ್ನೆ ರಾತ್ರಿ ಅವರು ಫೋನ್ ಮಾಡಿದ್ದರು. ಅವರ ರಿಟರ್ನ್ಸ್‌ನಲ್ಲಿಯೂ ಅದೇ ಪಕ್ಷಕ್ಕೆ ಅದೇ 25,000 ರೂಪಾಯಿ ದೇಣಿಗೆ ಇದೆ.